ಕುದುರೆ ಒಂದು, ಜನ ಇಬ್ಬರು

ಕುದುರೆಗಳ ಫೋಟೋ ತೆಗೆಯುವವರು ಫೋನಿಗೆ ಕಳಿಸಿದ ಫಾರಂನಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಹತ್ತಕ್ಕೆ ನಾನು ಯೋಚಿಸಿ ಉತ್ತರ ಬರೆದೆ. ಕುದುರೆಯ ವಯಸ್ಸು: ಹತ್ತೊಂಬತ್ತು. ಬಣ್ಣ: ಬಿಳಿ, ತೊಳೆದ ದಿನ ಮಾತ್ರ. ಸ್ವಭಾವ ಎನ್ನುವಲ್ಲಿ ‘ಸೌಮ್ಯ’ ಎಂದು ಬರೆದು, ಮನಸ್ಸು ಒಪ್ಪದೆ ಅಳಿಸಿ, ‘ಬೇಕಾದವರ ಜೊತೆ ಸೌಮ್ಯ’ ಎಂದು ತಿದ್ದಿದೆ. ಒದೆಯುತ್ತದೆಯೇ, ಛತ್ರಿಗೆ ಹೆದರುತ್ತದೆಯೇ, ಈ ಮೊದಲು ಕ್ಯಾಮೆರಾ ಕಂಡಿದೆಯೇ, ಎಲ್ಲಕ್ಕೂ ಪ್ರಾಮಾಣಿಕವಾಗಿಯೇ ಉತ್ತರಿಸಿದೆ. ಕೊನೆಯ ಪ್ರಶ್ನೆಗೆ ಎರಡು ಪುಟ್ಟ ಚೌಕಗಳಿದ್ದವು. ಫೋಟೋದಲ್ಲಿರುವ ಕುದುರೆಗಳು: ಒಂದು. ಜನ: ಎರಡು.

ಎರಡು ಎಂದು ಒತ್ತಿದ್ದು ನನ್ನ ಬೆರಳು, ನಾನಲ್ಲ. ಬೆರಳು ಅಷ್ಟಕ್ಕೇ ಸುಮ್ಮನಾಗದೆ ‘ಕಳುಹಿಸಿ’ ಎಂಬುದನ್ನೂ ಒತ್ತಿಬಿಟ್ಟಿತು. ಆಗ ನಾನು ನನ್ನ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಾಲು ಸಡಿಲವಾದ ಒಂದು ಫ್ರೇಮನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೆ. ಅದೇ ಹೊತ್ತಿಗೆ ಬಂದ ಗಿರಾಕಿಯೊಬ್ಬರ ಎಡಗಣ್ಣಿನ ನಂಬರನ್ನು ಬಲಗಣ್ಣಿಗೆ ಬರೆದುಕೊಂಡೆ. ಪುಣ್ಯಕ್ಕೆ ಅವರೇ ನೋಡಿ ತಿದ್ದಿಸಿದರು.

ಆ ಇಬ್ಬರಲ್ಲಿ ಒಬ್ಬಳು ನಾನು. ಇನ್ನೊಬ್ಬರಿಗೆ ಈ ವಿಷಯವೇ ಗೊತ್ತಿರಲಿಲ್ಲ. ಅವರು ನನ್ನ ಕುದುರೆಗೆ ಲಾಳ ಕಟ್ಟುವವರು.

ಕುದುರೆಯ ಹೆಸರು ದೊಡ್ಡಮ್ಮ. ಸವಾರಿ ಶಾಲೆಯಲ್ಲಿ ಹತ್ತು ವರ್ಷ ದುಡಿದ ಮೇಲೆ, ಇನ್ನು ಸಾಕು ಎಂದು ತಾನೇ ತೀರ್ಮಾನಿಸಿ, ಬೆನ್ನ ಮೇಲೆ ಕೂತವರನ್ನೆಲ್ಲ ಬೇಲಿಯ ಬುಡದಲ್ಲಿ ಇಳಿಸತೊಡಗಿದ್ದಳು. ಆಗ ನಾನು ಅವಳನ್ನು ನನ್ನವಳನ್ನಾಗಿ ಮಾಡಿಕೊಂಡು ಊರಂಚಿನ ಲಾಯದಲ್ಲಿ ಇರಿಸಿದೆ. ಯಾರು ಎದುರಿಗೆ ಬಂದರೂ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಮುಖ ತಿರುಗಿಸುತ್ತಾಳೆ. ಅದಕ್ಕೇ ಆ ಹೆಸರು.

ನನಗೆ ಲಾಳದವರೆಂದರೆ ಇಷ್ಟ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ನಾಲ್ಕು ವರ್ಷದಿಂದ ಇಷ್ಟ. ಆದರೆ ಈ ನಾಲ್ಕು ವರ್ಷದಲ್ಲಿ ಅವರ ಜೊತೆ ನಾನು ಆಡಿದ ಮಾತನ್ನೆಲ್ಲ ಒಟ್ಟು ಸೇರಿಸಿದರೆ ಗೊರಸಿನ ಬಗ್ಗೆ ಒಂದು ಪಠ್ಯಪುಸ್ತಕವಾದೀತು, ಅದಕ್ಕಿಂತ ಹೆಚ್ಚೇನೂ ಆಗದು. ಅವರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿದೆ ಎಂಬುದನ್ನು ಲಾಯದ ಮಾಲೀಕರ ಬಾಯಿಂದ ಹೊರಡಿಸಲು ನನಗೆ ಪೂರ್ತಿ ಒಂದು ವರ್ಷ ಹಿಡಿಯಿತು. ಅವರು ದೊಡ್ಡಮ್ಮನ ಕಾಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಬಗ್ಗಿ, ಗೊರಸಿಗೆ ಅರ ಹಾಕುತ್ತಿರುವಾಗ ನಲವತ್ತಾರು ವರ್ಷದ ನಾನು ಹಗ್ಗ ಹಿಡಿದು ಅವರ ನೆತ್ತಿಯನ್ನೇ ನೋಡುತ್ತ ನಿಂತಿರುತ್ತೇನೆ. ಆ ಬೋಳುನೆತ್ತಿ ನನಗೆ ಬಾಯಿಪಾಠವಾಗಿದೆ. ಒಂದೇ ಒಂದು ಫೋಟೋದಲ್ಲಿ ಪಕ್ಕಪಕ್ಕ ನಿಂತರೆ, ನಾನು ಬಾಯಿಬಿಟ್ಟು ಹೇಳಲಾರದ್ದು ಅವರಿಗೆ ತಾನಾಗಿಯೇ ಹೊಳೆಯಬಹುದು ಎಂಬುದು ನನ್ನ ಹುಚ್ಚು ಲೆಕ್ಕಾಚಾರವಾಗಿತ್ತು.

ಅವರನ್ನು ಕರೆಯಬೇಕಲ್ಲ. ಮೂರು ದಿನ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ನಾಲ್ಕನೆಯ ದಿನ ಮಾಡಿದೆ. ಆದರೆ ಬಾಯಿಗೆ ಬಂದದ್ದು ಬೇರೆಯೇ. ದೊಡ್ಡಮ್ಮನ ಫೋಟೋ ತೆಗೆಸುತ್ತಿದ್ದೇನೆ, ಅವಳು ಬೇರೆ ಯಾರ ಮಾತೂ ಕೇಳುವುದಿಲ್ಲ, ಹಿಡಿದುಕೊಳ್ಳಲು ಬರುತ್ತೀರಾ ಎಂದುಬಿಟ್ಟೆ. ಅವರು ಎಷ್ಟು ಗಂಟೆಗೆ ಎಂದು ಕೇಳಿದರು. ಹೇಳಿದೆ. ಬರ್ತೀನಿ ಎಂದರು. ಫೋನ್ ಇಟ್ಟ ಮೇಲೆ ನಾನು ಅಂಗಡಿಯೊಳಗೆ ಮೂರು ಸುತ್ತು ಹಾಕಿ, ಗೋಡೆಯ ಮೇಲಿದ್ದ ಕಣ್ಣು ಪರೀಕ್ಷೆಯ ಹಲಗೆಗೆ ಒಂದು ಮುತ್ತು ಕೊಟ್ಟೆ.

ಇದರ ನಡುವೆ ಅಕ್ಕ ಮೂಗು ತೂರಿಸಿದಳು. ಅವಳದು ಕೆಳಗಿನ ಮನೆ, ನನ್ನದು ಮೇಲಿನದು. ನಡುವೆ ಇರುವ ಹದಿನೆಂಟು ಮೆಟ್ಟಿಲುಗಳಿಂದ ನನಗೆ ಯಾವ ರಕ್ಷಣೆಯೂ ಇಲ್ಲ. ಕುದುರೆ ಒಂದು, ಜನ ಇಬ್ಬರು ಎಂದು ಖಚಿತಪಡಿಸಿ ಫೋಟೋಗ್ರಾಫರ್ ಕಳಿಸಿದ ಪತ್ರವನ್ನು ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಹಾಲು ಕೇಳಲು ಬಂದವಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಹಾಲಿನ ಪಾತ್ರೆ ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಸಿದಳು.

“ಇಬ್ರು ಅಂತ ಹಾಕ್ಸಿದ್ದೀಯಲ್ಲೇ,” ಎಂದಳು. “ನಾನು ಕೇಳ್ದೇನೇ ನನ್ನನ್ನೂ ಸೇರಿಸ್ಕೊಂಡಿದ್ದೀಯ.”

ಕಣ್ಣು ತುಂಬಿಕೊಂಡ ಅಕ್ಕನ ಎದುರು ‘ನೀನಲ್ಲ’ ಎನ್ನಲು ಯಾವ ತಂಗಿಗೆ ಬಾಯಿ ಬರುತ್ತದೆ? ಹೂಂ ಎಂದೆ. ಅಂದಿನಿಂದ ಆ ಫೋಟೋ ನನ್ನ ಕೈ ತಪ್ಪಿ ಅವಳ ಕೈಗೆ ಹೋಯಿತು.

ಪತ್ರದಲ್ಲಿ ಉದ್ದನೆಯ ಸೂಚನೆಗಳಿದ್ದವು. ಹೂವು, ಚುಕ್ಕೆ, ಗೆರೆ ಇರುವ ಬಟ್ಟೆ ಬೇಡ, ಒಂದೇ ಬಣ್ಣದ್ದಿರಲಿ. ಹಿಂದಿನ ದಿನವೇ ಕುದುರೆ ತೊಳೆಯಿರಿ. ಗೊರಸಿಗೆ ಎಣ್ಣೆಯನ್ನು ಕೊನೆಯ ಗಳಿಗೆಯಲ್ಲಿ ಹಚ್ಚಿ, ಮೊದಲೇ ಹಚ್ಚಿದರೆ ಧೂಳು ಹಿಡಿಯುತ್ತದೆ. ಬಕೆಟ್ಟು, ತಳ್ಳುಗಾಡಿ, ಪೊರಕೆ ಕಣ್ಣಿಗೆ ಬೀಳದ ಹಾಗೆ ಎತ್ತಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸದ್ದಿಗೆ ಕುದುರೆ ಕಿವಿ ನಿಮಿರಿಸುತ್ತದೆ ಎಂದು ಪತ್ತೆಮಾಡಿಡಿ. ಕಿವಿ ಹಿಂದಕ್ಕೆ ಮಲಗಿದರೆ ಎಂಥ ಕುದುರೆಯೂ ಜಗಳಗಂಟಿಯಾಗಿ ಕಾಣುತ್ತದೆ. ನಾವಿಬ್ಬರೂ ಒಂದು ಸಂಜೆಯೆಲ್ಲ ದೊಡ್ಡಮ್ಮನ ಎದುರು ಬೀಗದ ಕೈ ಅಲ್ಲಾಡಿಸಿದೆವು, ಸೀಟಿ ಊದಿದೆವು, ತಟ್ಟೆ ಬಡಿದೆವು. ಅಕ್ಕ ಬೆಕ್ಕಿನ ಹಾಗೆ ಕೂಗಿಯೂ ನೋಡಿದಳು. ದೊಡ್ಡಮ್ಮನಿಗೆ ಇದ್ಯಾವುದೂ ಲೆಕ್ಕಕ್ಕೇ ಇಲ್ಲ. ಕೊನೆಗೆ ಅಕ್ಕನಿಗೆ ಹಸಿವಾಗಿ ಚೀಲದಿಂದ ಬಿಸ್ಕತ್ತಿನ ಪ್ಯಾಕೆಟ್ ಹೊರತೆಗೆದಾಗ, ಆ ಚರಪರ ಸದ್ದಿಗೆ ಕಿವಿಗಳೆರಡೂ ನೆಟ್ಟಗೆ ಎದ್ದವು.

ತೊಳೆಯುವ ದಿನ ಅನಾಹುತವಾಯಿತು. ಬಿಳಿ ಕುದುರೆಯ ಹಳದಿ ಕಲೆ ತೆಗೆಯಲು ನೇರಳೆ ಬಣ್ಣದ ಒಂದು ಶಾಂಪೂ ಸಿಗುತ್ತದೆ. ಹಚ್ಚಿ ಎರಡು ನಿಮಿಷಕ್ಕೆ ತೊಳೆದುಬಿಡಬೇಕು. ನಾನು ಕೊಳಾಯಿಯ ಪೈಪು ಹುಡುಕಲು ಹೋದಾಗ ಅಕ್ಕ ಇಡೀ ಬಾಟಲಿ ಸುರಿದು, ಚೆನ್ನಾಗಿ ಹಿಡಿಯಲಿ ಎಂದು ಬಿಟ್ಟು, ಲಾಯದ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತ ನಗುವುದನ್ನು ಅಭ್ಯಾಸ ಮಾಡುತ್ತಿದ್ದಳು. ಪೈಪು ಸಿಕ್ಕಿ ನೀರು ಬಿಟ್ಟಾಗ ನೊರೆ ಹೋಯಿತು, ಬಣ್ಣ ಹೋಗಲಿಲ್ಲ. ನಮ್ಮ ಮುಂದೆ ತಿಳಿನೇರಳೆ ಬಣ್ಣದ ಕುದುರೆಯೊಂದು ನಿಂತಿತ್ತು.

ನಾನು ತಲೆ ಮೇಲೆ ಕೈಹೊತ್ತು ಕುಳಿತಿದ್ದಾಗ ಲಾಳದವರು ಬಂದರು. ಫೋಟೋದ ದಿನ ಯಾವ ಮೊಳೆಯೂ ಸಡಿಲವಾಗಿರಬಾರದು, ಒಮ್ಮೆ ನೋಡಿ ಹೋಗೋಣ ಎಂದು ಬಂದಿದ್ದರಂತೆ. ಅವರು ದೊಡ್ಡಮ್ಮನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಹಲ್ಲು ಕೂಡ ಈ ಬಣ್ಣವೇ ಆಗಿದೆಯಾ ಎಂದು ಗಂಭೀರವಾಗಿ ಕೇಳಿದರು. ನನಗೆ ನಗು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಅವರೂ ನಕ್ಕರು, ಅಂಗಿಯ ತೋಳು ಮಡಚಿದರು, ಸಾಬೂನು ತೆಗೆದುಕೊಂಡರು. ಹೊತ್ತು ಇಳಿಯುವವರೆಗೆ ಮೂರು ಸಲ ತೊಳೆದೆವು. ನೀರೆಲ್ಲ ನನ್ನ ಮೇಲೂ ಅವರ ಮೇಲೂ ಬಿತ್ತು. ಗೊರಸಿನ ಮಾತು ಒಂದೂ ಬರಲಿಲ್ಲ. ಅಕ್ಕ ಮಾತ್ರ ದೂರ ನಿಂತು, ಆ ಬಣ್ಣ ಹಾಗೇ ಇದ್ದಿದ್ದರೂ ತನ್ನ ಬಟ್ಟೆಗೆ ಚೆನ್ನಾಗಿಯೇ ಹೊಂದುತ್ತಿತ್ತು ಎಂದು ಗೊಣಗಿದಳು.

ಮರುದಿನ ಸಂಜೆಯ ಬಿಸಿಲಿಗೆ ಫೋಟೋಗ್ರಾಫರ್ ಬಂದರು. ಗಿಡ್ಡನೆಯ ಚುರುಕು ಹೆಂಗಸು, ಎರಡೂ ಮೊಣಕಾಲಿಗೆ ಮೆತ್ತೆ ಕಟ್ಟಿಕೊಂಡಿದ್ದರು. ಬಂದವರೇ ಹುಲ್ಲಿನ ಮೇಲೆ ಅಂಗಾತ ಮಲಗಿ ಬೆಳಕು ನೋಡಿದರು. ಅಕ್ಕ ಉದ್ದನೆಯ ಹಸಿರು ಉಡುಪು ತೊಟ್ಟು, ಅರ್ಧ ಬಾಟಲಿ ಸೆಂಟು ಸುರಿದುಕೊಂಡು, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಹುಲ್ಲೊಳಗೆ ಹೂತು ಹೂತು ನಡೆದು ಬಂದಳು. ಲಾಳದವರನ್ನು ನಾನು ಚರ್ಮದ ಏಪ್ರನ್ ಇಲ್ಲದೆ ಕಂಡದ್ದು ಅಂದೇ ಮೊದಲು. ತಿಳಿನೀಲಿ ಅಂಗಿ ಹಾಕಿದ್ದರು. ಹೊಸದು. ಪ್ಯಾಕೆಟ್ಟಿನ ಮಡಿಕೆಗಳು ಎದೆಯ ಮೇಲೆ ಇನ್ನೂ ಎದ್ದು ಕಾಣುತ್ತಿದ್ದವು. ಅದನ್ನು ನೋಡಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ದೊಡ್ಡಮ್ಮನ ಗೊರಸಿಗೆ ಹಚ್ಚುವ ಎಣ್ಣೆಯನ್ನು ನನ್ನ ಶೂವಿಗೇ ಹಚ್ಚಿಕೊಂಡೆ.

ಇಬ್ಬರು ಬನ್ನಿ ಎಂದರು ಫೋಟೋಗ್ರಾಫರ್. ನಾನು ಲಾಳದವರ ಕಡೆ ತಿರುಗುವಷ್ಟರಲ್ಲಿ ಅಕ್ಕ ನನ್ನ ತೋಳು ಹಿಡಿದು ಎಳೆದುಕೊಂಡು ಹೋಗಿ ನಿಂತಿದ್ದಳು. ಲಾಳದವರು ಹಗ್ಗ ಹಿಡಿದು ಇನ್ನೊಂದು ಬದಿಗೆ ನಿಂತರು. ಅಕ್ಕನ ಸೆಂಟು ಮೂಗಿಗೆ ಬಡಿದ ಕೂಡಲೇ ದೊಡ್ಡಮ್ಮ ಕಿವಿ ಎರಡನ್ನೂ ಕುತ್ತಿಗೆಗೆ ಅಂಟಿಸಿದಳು. ಫೋಟೋಗ್ರಾಫರ್ ಸೀಟಿ ಊದಿದರು, ಕುಣಿದರು, ಹುಲ್ಲು ಕಿತ್ತು ಗಾಳಿಗೆ ತೂರಿದರು. ಬಿಸ್ಕತ್ತಿನ ಪ್ಯಾಕೆಟ್ ನಮ್ಮಿಬ್ಬರಿಗೂ ಮರೆತೇಹೋಗಿತ್ತು. ಇಪ್ಪತ್ತು ಫೋಟೋ ಆಯಿತು. ಇಪ್ಪತ್ತರಲ್ಲೂ ನಮ್ಮಿಬ್ಬರ ಹಿಂದೆ ಒಂದು ಸಿಡುಕು ಮುಖ.

ಫೋಟೋಗ್ರಾಫರ್ ನಮ್ಮನ್ನೆಲ್ಲ ಕರೆದು ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆ ತೋರಿಸಿದರು. ಅಂಚಿನಲ್ಲಿ ಹಗ್ಗ ಹಿಡಿದು ನಿಂತ ನೀಲಿ ಅಂಗಿಯ ಮೇಲೆ ಬೆರಳಿಟ್ಟರು. “ಇವರನ್ನ, ಈ ಹಗ್ಗಾನ ಆಮೇಲೆ ಅಳಿಸಿಬಿಡ್ತೀನಿ. ಇಲ್ಲಿ ಯಾರೋ ನಿಂತಿದ್ರು ಅಂತ ಗೊತ್ತೇ ಆಗಲ್ಲ.”

ಕುದುರೆ ಹಿಡಿದವರನ್ನು ಹೀಗೆ ಅಳಿಸುವುದು ಅವರ ಕೆಲಸದಲ್ಲಿ ದಿನವೂ ನಡೆಯುವಂಥದ್ದಂತೆ. ಲಾಳದವರು ತಲೆಯಾಡಿಸಿದರು. ತಾವು ಸುಮ್ಮನೆ ಹಿಡಿದುಕೊಳ್ಳಲು ಬಂದವರು, ಧಾರಾಳವಾಗಿ ಅಳಿಸಿ ಎಂದರು. ಅಷ್ಟೇ ಅಲ್ಲ, ಮತ್ತೆ ಹಗ್ಗ ಹಿಡಿದಾಗ, ಅಳಿಸುವವರಿಗೆ ಸುಲಭವಾಗಲಿ ಎಂದು ಅರ್ಧ ಹೆಜ್ಜೆ ಆಚೆಗೆ ಸರಿದು ನಿಂತರು.

ಆ ಅರ್ಧ ಹೆಜ್ಜೆ ನೋಡಿ ನನಗೆ ಎಲ್ಲಿತ್ತೋ ಸಿಟ್ಟು. ಹೊಸ ಅಂಗಿ ಹಾಕಿಕೊಂಡು ಬಂದು ಹೀಗೆ ತಾವಾಗಿಯೇ ಸರಿಯುತ್ತಾರಲ್ಲ! ನಾಲ್ಕು ವರ್ಷ ನಾಚಿಕೆ ತಡೆದು ಹಿಡಿದದ್ದನ್ನು ಸಿಟ್ಟು ಒಂದೇ ಏಟಿಗೆ ಹೊರಹಾಕಿತು.

“ಅವರನ್ನ ಅಳಿಸಬೇಡಿ,” ಎಂದೆ. “ಫಾರಂನಲ್ಲಿ ಇಬ್ರು ಅಂತ ಬರೆದಿದ್ದೀನಲ್ಲ, ಇನ್ನೊಬ್ರು ಅವರೇ. ಅವರ ಪಕ್ಕ ನಿಲ್ಲಬೇಕು ಅಂತಾನೇ ಇಷ್ಟೆಲ್ಲ ಮಾಡಿದ್ದು. ನನಗೆ ಅವರು ಇಷ್ಟ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಪ್ರಯೋಜನವೇನು, ಮಾತು ಹೊರಬಿದ್ದಾಗಿತ್ತು. ಫೋಟೋಗ್ರಾಫರ್ ಕ್ಯಾಮೆರಾದೊಳಗೆ ತುಂಬಾ ಮುಖ್ಯವಾದದ್ದೇನನ್ನೋ ಹುಡುಕತೊಡಗಿದರು. ಅಕ್ಕ ನನ್ನನ್ನು ನೋಡಿದಳು, ಅವರನ್ನು ನೋಡಿದಳು, ತನ್ನ ಹಸಿರು ಉಡುಪನ್ನು ನೋಡಿಕೊಂಡಳು. ಅವಳ ಮುಖ ಒಂದು ಗಳಿಗೆ ಸಣ್ಣದಾಯಿತು. ಆ ಗಳಿಗೆಯಲ್ಲಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತೇ ನಿಂಗೆ,” ಎಂದು ಅಕ್ಕ ಚಪ್ಪಲಿ ಕಳಚಿದಳು. ಬರಿಗಾಲಲ್ಲಿ ಹೋಗಿ ಚೀಲದಿಂದ ಬಿಸ್ಕತ್ತಿನ ಪ್ಯಾಕೆಟ್ ತೆಗೆದು ಫೋಟೋಗ್ರಾಫರ್ ಹಿಂದೆ ನಿಂತಳು. ಹೋಗುವಾಗ ನನ್ನ ಬೆನ್ನಿಗೊಂದು ಗುದ್ದು ಕೊಟ್ಟು ಹೋದಳು, ನೋವಾಗುವ ಹಾಗೆಯೇ.

ಲಾಳದವರ ಕಣ್ಣು ಅಭ್ಯಾಸಬಲದಿಂದ ದೊಡ್ಡಮ್ಮನ ಕಾಲಿನ ಮೇಲಿತ್ತು.

“ಇವಳ ಗೊರಸು ತುಂಬಾ ನಿಧಾನವಾಗಿ ಬೆಳೆಯುತ್ತೆ,” ಎಂದರು.

ಮತ್ತೆ ಗೊರಸು. ಸರಿ, ಮುಗಿಯಿತು ಎಂದುಕೊಂಡೆ.

“ಎಂಟು ವಾರಕ್ಕೊಂದು ಸಲ ಬಂದ್ರೆ ಸಾಕು ಇವಳಿಗೆ,” ಎಂದರು ಕಾಲನ್ನೇ ನೋಡುತ್ತ. “ನಾಲ್ಕು ವರ್ಷದಿಂದ ಐದು ವಾರಕ್ಕೇ ಬರ್ತಿದ್ದೀನಿ. ಬಂದ್ರೆ ಇಲ್ಲಿ ಮಾಡೋಕೆ ಕೆಲಸಾನೇ ಇರಲ್ಲ. ಸುಮ್ನೆ ಬಗ್ಗಿ ಅರ ಆಡಿಸ್ತಾ ಇರ್ತೀನಿ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇತ್ತ ನಾನು ಸುಮ್ಮನೆ ಹಗ್ಗ ಹಿಡಿದು ನಿಂತದ್ದು, ಅತ್ತ ಅವರು ಸುಮ್ಮನೆ ಅರ ಆಡಿಸಿದ್ದು. ನಡುವೆ ಆ ಮೂಕಪ್ರಾಣಿ ನಾಲ್ಕು ವರ್ಷ ಮೂರು ಕಾಲಿನಲ್ಲಿ ನಿಂತು ನಮ್ಮಿಬ್ಬರನ್ನೂ ಸಹಿಸಿಕೊಂಡಿತ್ತು. ಸುಖಕ್ಕೆ ನನಗೆ ಒಮ್ಮೆಲೇ ನಗುವೂ ಅಳುವೂ ಬಂದವು.

ಬೆಳಕು ಹೋಗುತ್ತಿದೆ, ಹತ್ತಿರ ಬನ್ನಿ ಎಂದರು ಹುಲ್ಲಿನಲ್ಲಿ ಮಲಗಿದ್ದ ಫೋಟೋಗ್ರಾಫರ್. ಲಾಳದವರು ಅರ್ಧ ಹೆಜ್ಜೆಯಲ್ಲ, ಪೂರ್ತಿ ಎರಡು ಹೆಜ್ಜೆ ಇಟ್ಟು ನನ್ನ ಪಕ್ಕಕ್ಕೆ ಬಂದರು. ಹೊಸ ಬಟ್ಟೆಯ ಗಂಜಿಯ ವಾಸನೆ ಬಂತು. ಅಕ್ಕ ಪ್ಯಾಕೆಟ್ಟನ್ನು ಚರಪರ ಆಡಿಸಿದಳು. ಫೋಟೋ ತೆಗೆಯುತ್ತಿದ್ದಾಗ ನಾನು ಕ್ಯಾಮೆರಾದ ಕಡೆಗೇ ಮುಖವಿಟ್ಟುಕೊಂಡು, ತುಟಿ ಹೆಚ್ಚು ಅಲ್ಲಾಡಿಸದೆ, ಲಾಳಕ್ಕೆ ಇನ್ನು ಯಾವಾಗ ಬರ್ತೀರಿ ಎಂದು ಮೆಲ್ಲಗೆ ಕೇಳಿದೆ.

“ನಾಳೆ,” ಎಂದರು.