ಟೀಚರ್ ಕಚ್ಚಿ ನೋಡಿದ ಭತ್ತ

ಒಂದು ಕಾಳನ್ನು ಬಾಯಿಗೆ ಹಾಕದೆ ತಾಯಮ್ಮ ಟೀಚರ್ ಭತ್ತದ ರಾಶಿಯನ್ನು ದಾಟಿ ಹೋದವರಲ್ಲ. ಪಾಳ್ಯದ ಬಸ್ಸಿಳಿದು ಶಾಲೆಯ ದಿಣ್ಣೆ ಹತ್ತುವಾಗ ರಸ್ತೆಯಂಚಿನಲ್ಲಿ ಯಾರದೋ ಭತ್ತ ಒಣಗುತ್ತಿದ್ದರೆ, ಮಂಡಿನೋವಿನ ನೆಪದಲ್ಲಿ ಅಲ್ಲೇ ನಿಂತು, ಬಗ್ಗಿ, ಒಂದು ಕಾಳನ್ನೆತ್ತಿ ದವಡೆಯ ಬಲಮೂಲೆಗೆ ಸೇರಿಸಿ, ಕಣ್ಣು ಮುಚ್ಚಿ ಕಚ್ಚುವರು. ‘ಕಟ್’ ಎಂದರೆ ಒಣಗಿದೆ. ಸದ್ದಿಲ್ಲದೆ ಜಜ್ಜಿಹೋದರೆ ಇನ್ನೂ ಬಿಸಿಲು ಬೇಕು. ಕೇಳಲಿ ಬಿಡಲಿ, ಭತ್ತದ ಯಜಮಾನನಿಗೆ ತೀರ್ಪು ಸಾರಿ, ಬಲಗಾಲನ್ನು ಕೊಂಚ ಎಳೆಯುತ್ತ ಮತ್ತೆ ದಿಣ್ಣೆ ಹತ್ತುವರು. ವರ್ಷದ ಎಲ್ಲ ಋತುಗಳಿಗೂ ಒಂದೇ ಕಂದು ಸ್ವೆಟರು. ಅದರ ಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳೊಂದಿಗೆ ಸದಾ ಒಂದಿಷ್ಟು ಕಾಳು. ಒಗೆಯಲು ಹಾಕಿದರೆ ಮೊಳಕೆ ಬಂದೀತೆಂದು ಸಹೋದ್ಯೋಗಿಗಳು ನಗುತ್ತಿದ್ದರು.

ಸುಗ್ಗಿಯ ಫಸಲನ್ನು ರೈತರು ಹೇಗೆ ಕಾಪಿಡುತ್ತಾರೆ ಎಂಬ ಪಾಠವನ್ನು ಅವರು ಕೆಲಸಕ್ಕೆ ಸೇರಿದಂದಿನಿಂದ ಮಾಡುತ್ತ ಬಂದವರು. ಪಾಠ ಅಲ್ಲೇ ಉಳಿಯಿತು, ಪಾಠದೊಳಗಿನ ವಸ್ತುಗಳು ಒಂದೊಂದಾಗಿ ಊರು ಬಿಟ್ಟವು. ಭತ್ತ ತುಂಬುತ್ತಿದ್ದ ಮರದ ಪಣತಗಳ ಹಲಗೆ ಕೋಳಿಗೂಡಾಯಿತು. ನೆಲದೊಳಗೆ ರಾಗಿ ಹೂಳುತ್ತಿದ್ದ ಹಗೇವಿನ ಬಾಯಿಗೆ ಸಿಮೆಂಟು ಬಿತ್ತು. ಮೆಷಿನ್ನು ಕೊಯ್ದ ಭತ್ತ ಮನೆಯ ಮುಖವನ್ನೂ ನೋಡದೆ ಗದ್ದೆಯಿಂದಲೇ ಲಾರಿ ಹತ್ತಿತು. ಬೋರ್ಡಿನ ಮೇಲೆ ಟೀಚರ್ ಬರೆದ ಹಗೇವಿನ ಚಿತ್ರ ನೋಡಿ ಮಕ್ಕಳು, “ನೀರಿನ ಸಂಪು, ಮಿಸ್!” ಎಂದು ಒಕ್ಕೊರಲಿನಲ್ಲಿ ಕೂಗುವರು. ಇಲ್ಲವೆನ್ನಲು ತೋರಿಸುವುದಕ್ಕೇನಿತ್ತು? ಒರೆಸುವರು, ಮತ್ತೆ ಬರೆಯುವರು. ಒರೆಸಿ ಒರೆಸಿ ಭುಜ ಸೋತಿತ್ತು.

ಆದ್ದರಿಂದಲೇ ಹೋದ ವರ್ಷದ ಸುಗ್ಗಿಯಲ್ಲಿ ಅವರು ವೀರಭದ್ರಯ್ಯನವರ ಬಾಗಿಲಿಗೆ ಹೋದದ್ದು. ತಂದೆಯ ಕಾಲದ ಭತ್ತದ ತಳಿಯೊಂದನ್ನು ಬಿಡದೆ ಬೆಳೆದು ಬೀಜಕ್ಕಿಟ್ಟುಕೊಳ್ಳುತ್ತಿದ್ದ ಮನೆ ಊರಿನಲ್ಲಿ ಅದೊಂದೇ. ಹೊಸದಾಗಿ ಬಡಿದ ಬೀಜದ ಭತ್ತವನ್ನು ಮಕ್ಕಳ ಕೈಯಲ್ಲೇ ಒಣಗಿಸಿ, ಹುಳ ಬೀಳದಂತೆ ಲಕ್ಕಿಸೊಪ್ಪು ಸೇರಿಸಿ ಮಣ್ಣಿನ ಗುಡಾಣಕ್ಕೆ ತುಂಬಿಸಿ, ಸಗಣಿ ಮಣ್ಣಿನಿಂದ ಬಾಯಿ ಮೆತ್ತಿಸಿ, ಮಳೆಗಾಲಕ್ಕೆ ತೆಗೆದು ಶಾಲೆಯ ಹಿಂದಿನ ತುಂಡು ಗದ್ದೆಯಲ್ಲಿ ಬಿತ್ತಿಸುವುದು ಅವರ ಹಂಚಿಕೆ. ವೀರಭದ್ರಯ್ಯ ತಮ್ಮ ಬೀಜದಲ್ಲಿ ಅರ್ಧ ಅಳೆದು ಕೊಟ್ಟರು. “ಹುಷಾರು ಕಣವ್ವಾ, ಇದು ಹೋದ್ರೆ ಅಂಗ್ಡೀಲಿ ಸಿಗಾಕಿಲ್ಲ” ಎಂದರು.

ಆ ವಾರವೆಲ್ಲ ಮೋಡ. ಹರಡುವುದು, ಹನಿ ಬಿದ್ದರೆ ಬಾಚುವುದು, ಮತ್ತೆ ಹರಡುವುದು. ಮಂಡಿ ಬೇಡವೆನ್ನುತ್ತಿತ್ತು, ಸಂಜೆಯ ಬಸ್ಸು ಹಾರ್ನ್ ಮಾಡುತ್ತಿತ್ತು. ದಸರಾ ರಜೆಯಲ್ಲಷ್ಟೇ ಹಾಸನದಲ್ಲಿ ಹಲ್ಲಿನ ಹೊಸ ಸೆಟ್ಟು ಕಟ್ಟಿಸಿಕೊಂಡು ಬಂದಿದ್ದ ಟೀಚರ್ ಕಾಳೊಂದನ್ನು ಕಚ್ಚಿದರು. ‘ಕಟ್’ ಎಂದಿತು. “ಆತು, ತುಂಬ್ರೋ” ಎಂದರು.

ಬೇಸಿಗೆ ರಜೆ ಕಳೆದು ಗುಡಾಣದ ಬಾಯಿ ಒಡೆದಾಗ ಮೊದಲು ಹೊರಬಂದದ್ದು ಹಸಿ ಗೋಣಿಚೀಲದಂಥ ಮುಗ್ಗಲು ವಾಸನೆ. ಒಳಗೆ ಭತ್ತ ಬಿಸಿ ಹಿಡಿದು, ಬೂದಿಬಣ್ಣದ ಹೆಂಟೆಗಳಾಗಿ ಕೂತಿತ್ತು. ಲೋಹಿತನೆಂಬ ಹುಡುಗ ಮೂಗು ಹಿಡಿದು, “ಇಲಿ ಸತ್ತೈತೆ ಮಿಸ್” ಎಂದ. ಟೀಚರ್ ನಗಲಿಲ್ಲ. ಕೈಹಾಕಿ ತಳದವರೆಗೂ ತಡವಿದರು. ಉಳಿದದ್ದೇನೂ ಇರಲಿಲ್ಲ.

ಮಕ್ಕಳ ಹಿಂದೆ ನಿಂತಿದ್ದ ಹುಡುಗಿ ನವ್ಯಶ್ರೀ ಮೆಲ್ಲಗೆ, “ಅವತ್ತು ನಾನೂ ಒಂದು ಕಚ್ಚಿದ್ದೆ ಮಿಸ್. ಮೆತ್ತಗಿತ್ತು” ಎಂದಳು.

“ಮತ್ತೆ ಯಾಕೇ ಹೇಳ್ಲಿಲ್ಲ?”

“ನೀವು ಆತು ಅಂದ್ರಲ್ಲ.”

ತಾಯಮ್ಮ ಟೀಚರಿಗೆ ಭತ್ತ ಹೋದದ್ದಕ್ಕಿಂತ ಈ ಉತ್ತರ ಹೆಚ್ಚು ಭಾರವಾಯಿತು. ಹುಡುಗಿಯ ಹಲ್ಲು ನಿಜ ಹೇಳಿತ್ತು. ಅದನ್ನು ಬಾಯಲ್ಲೇ ಇಟ್ಟುಕೊಳ್ಳುವುದನ್ನು ಕಲಿಸಿದವರು ತಾವೇ.

ವೀರಭದ್ರಯ್ಯನವರ ಜಗಲಿಯನ್ನು ಅಂದು ಹತ್ತಿದಷ್ಟು ನಿಧಾನವಾಗಿ ಅವರು ಯಾವ ದಿಣ್ಣೆಯನ್ನೂ ಹತ್ತಿರಲಿಕ್ಕಿಲ್ಲ. ವೃದ್ಧರು ಎಲ್ಲವನ್ನೂ ಕೇಳಿ, “ಅಲ್ಲ ಮಾರಾಯ್ತಿ, ಹಲ್ಲು ಕಟ್ಟಿಸ್ಕಂಡ ಮೇಲೆ ಯಾಕ್ ಕಚ್ಚೋಕೋದೆ? ಅದು ಬೆಣ್ಣೆ ಕಚ್ಚಿದ್ರೂ ಕಟ್ ಅಂತೈತೆ! ಭತ್ತದ ಸದ್ದಲ್ಲ ಅದು, ಸೆಟ್ಟಿನ ಸದ್ದು” ಎಂದರು. ಆಮೇಲೆ ಒಳಗೆ ಹೋಗಿ, ತಮ್ಮ ಗದ್ದೆಗೆಂದು ಇಟ್ಟಿದ್ದ ಉಳಿದರ್ಧದಲ್ಲಿ ಒಂದು ಪಾಲು ತಂದರು. “ಬೆಳ್ದು ವಾಪಸ್ ಕೊಡ್ಬೇಕು. ಇನ್ಮೇಲೆ ನೀನು ಮಾತ್ರ ಕಚ್ಚಂಗಿಲ್ಲ.”

ಕಚ್ಚಲಿಲ್ಲ. ಈ ಸಲದ ಸುಗ್ಗಿಗೆ ಶಾಲೆಯಂಗಳದಲ್ಲಿ ಭತ್ತ ಹರಡಿತ್ತು, ಆಕಾಶದಲ್ಲಿ ಮತ್ತದೇ ಮೋಡ. ಬಸ್ಸಿನ ಹೊತ್ತಿಗೆ ಟೀಚರ್ ಒಂದು ಕಾಳನ್ನೆತ್ತಿಕೊಂಡರು; ಕೈ ಅಭ್ಯಾಸಬಲದಿಂದ ತುಟಿಯವರೆಗೂ ಹೋಯಿತು. ಅಲ್ಲಿಂದ ಇಳಿಸಿ ನವ್ಯಶ್ರೀಗೆ ಕೊಟ್ಟರು. ಅವಳು ಕಣ್ಣು ಮುಚ್ಚಿ, ದವಡೆಯ ಬಲಮೂಲೆಯಲ್ಲೇ ಕಚ್ಚಿ, ಟೀಚರ ಮುಖ ನೋಡಿದಳು. ಆ ಮುಖ ‘ಆತು ಅನ್ನೇ’ ಎಂದು ಬೇಡುತ್ತಿದ್ದಿರಬೇಕು.

“ಇನ್ನೂ ಆಗಿಲ್ಲ ಮಿಸ್.”

ಬಸ್ಸು ಹೊರಟುಹೋಯಿತು. ತಾಯಮ್ಮ ಟೀಚರ್ ಸ್ವೆಟರಿನ ತೋಳೇರಿಸಿ, ಭತ್ತಕ್ಕೆ ಹೊದಿಸಲು ಟಾರ್ಪಾಲಿನ ಒಂದು ತುದಿ ಹಿಡಿದರು.

ಮೇಷ್ಟ್ರುಗಳ ಪೈಕಿ ಬಹುಮಂದಿ ದಣಿಯುವುದು ಮಕ್ಕಳು ಮಾತು ಕೇಳುವುದಿಲ್ಲವೆಂದು. ಮಕ್ಕಳು ತಮ್ಮ ಮಾತನ್ನು ವಿಪರೀತ ಕೇಳಿಬಿಟ್ಟರಲ್ಲ ಎಂದು ದಣಿಯುವವರು ವಿರಳ. ಅಂಥವರು ಕೊನೆಗಾಲದಲ್ಲಿ ಹೊಸದಾಗಿ ಏನನ್ನೂ ತುಂಬಲು ಹೋಗುವುದಿಲ್ಲ. ಮುಚ್ಚುವ ಮೊದಲು ಇನ್ನೊಬ್ಬರಿಗೆ ತೋರಿಸಿ, ಬೇಡವೆಂದರೆ ಮತ್ತೆ ಬಿಸಿಲಿಗೆ ಹರಡುತ್ತಾರೆ, ಬೆನ್ನು ನೋಯುತ್ತದೆ ಎಂದು ಗೊಣಗುತ್ತಲೇ.