ಬಾಡಿಗೆ ಹೆಸರಿನ ಪಿಸ್ತೂಲು

ನಾನು ಒಂದು ಆಟದ ಪಿಸ್ತೂಲು. ಹುಟ್ಟಿದ್ದು ತೈವಾನಿನ ಒಂದು ಕಾರ್ಖಾನೆಯಲ್ಲಿ. ಲೋಹವನ್ನು ಅಚ್ಚಿಗೆ ಹೊಯ್ದು, ಅಂಚು ತೀಡಿ, ಒಳಗೊಂದು ಸ್ಪ್ರಿಂಗು, ಹಿತ್ತಾಳೆಯ ಸಣ್ಣ ನಳಿಗೆ ಕೂರಿಸಿದರು. ನಾನು ಉಗುಳುವುದು ಬಟಾಣಿಗಿಂತ ಸಣ್ಣ ಪ್ಲಾಸ್ಟಿಕ್ ಗುಂಡನ್ನು. ಮೈಗೆ ತಗುಲಿದರೆ ಚುರುಕ್ ಎನ್ನುತ್ತದೆ, ಅಷ್ಟೇ. ಕೊನೆಯಲ್ಲಿ ನನ್ನ ಪಕ್ಕೆಗೆ ಯುರೋಪಿನ ಒಂದು ದೊಡ್ಡ ಬಂದೂಕು ಕಂಪನಿಯ ಹೆಸರು ಕೆತ್ತಿದರು. ಆ ಕಂಪನಿಯವರು ನನ್ನನ್ನು ಕಣ್ಣಿಂದಲೂ ಕಂಡವರಲ್ಲ. ಹೆಸರನ್ನಷ್ಟೇ ಬಾಡಿಗೆಗೆ ಕೊಟ್ಟಿದ್ದರು. ಆದರೂ ಅದು ಮೈಮೇಲೆ ಬಿದ್ದದ್ದೇ ನನ್ನ ಗತ್ತು ಬೇರೆಯಾಯಿತು. ಪಕ್ಕದ ಪೆಟ್ಟಿಗೆಯ ಹೆಸರಿಲ್ಲದ ಪಿಸ್ತೂಲುಗಳ ಜೊತೆ ನಾನು ಸೇರುತ್ತಿರಲಿಲ್ಲ.

ಆ ಸೊಕ್ಕು ಇಳಿಸಿದವನು ಮುಂಬಯಿಯ ಅಂಗಡಿಯ ಮುದುಕ ಪೆಸ್ತನ್‌ಜಿ. ಬಂದ ಗಿರಾಕಿಗಳಿಗೆಲ್ಲ ಅವನದು ಒಂದೇ ಪಾಠ. ಪಕ್ಕೆಯ ಹೆಸರು ಓದಬೇಡಿ, ಅದು ಮಾಡಿದವನ ಹೆಸರಲ್ಲ. ಪೆಟ್ಟಿಗೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಯಾವ ಕಾರ್ಖಾನೆ ಎಂದಿರುತ್ತದೆ, ಅದನ್ನು ಓದಿ. ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಲೊಡಲೊಡ ಎಂದರೆ ವಾಪಸು ಇಡಿ. ಅಚ್ಚಿನ ಗೆರೆ ಉಗುರಿಗೆ ಸಿಕ್ಕರೆ ತೀಡಿದವನು ಸೋಮಾರಿ ಎಂದು ತಿಳಿಯಿರಿ. ಗುಂಡಿನ ಡಬ್ಬಿಯನ್ನು ಹತ್ತು ಸಲ ಹಾಕಿ ತೆಗೆಯಿರಿ. ಆಮೇಲೆ ಹಲಗೆಗೆ ಐದು ಗುಂಡು ಹೊಡೆದು, ಐದೂ ಒಂದೇ ಕಡೆ ಬಿದ್ದವೋ ನೋಡಿ. ನಾನು ಎಲ್ಲದರಲ್ಲೂ ಗೆದ್ದೆ. ಪೆಸ್ತನ್‌ಜಿ ನನ್ನ ಬೆನ್ನು ಸವರಿದ. ನಿಜಕ್ಕೂ ಒಳ್ಳೆಯ ಮಾಲು ನಾನು, ಅದನ್ನು ಈಗಲೂ ಹೇಳುತ್ತೇನೆ.

ನನ್ನನ್ನು ಕೊಂಡವರು ಗದಗಿನ ಚಿನ್ನದ ವ್ಯಾಪಾರಿ ಶ್ರೀಕಾಂತ ರಾಯ್ಕರ. ವ್ಯಾಪಾರಕ್ಕೆಂದು ಮುಂಬಯಿಗೆ ಬಂದಿದ್ದರು. ಅವರು ಅಲ್ಲಾಡಿಸಲಿಲ್ಲ, ಹಲಗೆಗೆ ಹೊಡೆಯಲೂ ಇಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿ ಪಕ್ಕೆಯ ಅಕ್ಷರಗಳನ್ನು ನೋಡಿದರು. ಹುಟ್ಟಿದಾಗಿನಿಂದ ಒಡವೆಯ ಮುದ್ರೆ ನೋಡಿ ಬೆಲೆ ಕಟ್ಟಿದ ಕಣ್ಣು ಅದು. ಮುದ್ರೆ ಚೊಕ್ಕವಿದ್ದರೆ ಮುಗಿಯಿತು. ಕೇಳಿದ್ದು ಒಂದೇ ಪ್ರಶ್ನೆ, ಇದು ಆಟದ್ದು ಎಂದು ಎಷ್ಟು ದೂರದಿಂದ ಗೊತ್ತಾಗುತ್ತದೆ? ಪೆಸ್ತನ್‌ಜಿ ಅವರ ಮುಖ ನೋಡಿ, ಯಾರಿಗೆ ಎಂದ. ಮಕ್ಕಳಿಗೆ ಎಂದರು ರಾಯ್ಕರ.

ಮಾರುವಾಗ ನನ್ನ ಮೂತಿಗೆ ಕಿತ್ತಳೆ ಬಣ್ಣವಿತ್ತು. ಇದು ಆಟಿಕೆ, ಹೆದರಬೇಡಿ ಎಂದು ದೂರದಿಂದಲೇ ಹೇಳುವ ಗುರುತು. ಗದಗಿಗೆ ಬಂದ ದಿನವೇ ರಾಯ್ಕರರು ತಮ್ಮ ಕೈಯಾರೆ ಅದಕ್ಕೆ ಕಪ್ಪು ಬಳಿದರು. ನನ್ನ ಮೈಮೇಲೆ ನಿಜ ಹೇಳುತ್ತಿದ್ದದ್ದು ಅದೊಂದೇ ಆಗಿತ್ತು.

ಅವರ ಅಂಗಡಿಯ ಕಾವಲುಗಾರ ಫಕ್ಕೀರಪ್ಪ ಕುರ್ತಕೋಟಿ, ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಅವನ ಜೋಡು ನಳಿಗೆಯ ಬಂದೂಕಿನ ಲೈಸೆನ್ಸು ಮುಗಿದು, ನವೀಕರಣವಾಗುವವರೆಗೆ ಬಂದೂಕು ಪೊಲೀಸ್ ಠಾಣೆಯಲ್ಲಿತ್ತು. ಬರಿಗೈಯ ಕಾವಲುಗಾರ ಬಾಗಿಲಲ್ಲಿ ನಿಂತರೆ ಅಂಗಡಿಗೆ ಶೋಭೆಯಲ್ಲ ಎಂದು ನಾನು ಬಂದಿದ್ದೆ. ಫಕ್ಕೀರಪ್ಪ ನನ್ನನ್ನು ಎತ್ತಿಕೊಂಡು, ತಿರುಗಿಸಿ, ಮೂತಿಯ ತೂತು ನೋಡಿದ. ಗುರುತಿಸಲು ಒಂದು ಕ್ಷಣವೂ ಬೇಕಾಗಲಿಲ್ಲ.

"ಸಾಹುಕಾರ್ರ, ಇದು ಆಟಿಗಿ ಸಾಮಾನ ಐತ್ರಿ."

"ನನಗ ಗೊತ್ತಿಲ್ಲೇನು? ನೋಡಾವ್ರಿಗೆ ಗೊತ್ತಾಗಬಾರದು ಅಷ್ಟ. ನಿಮ್ಮ ಲೈಸೆನ್ಸ್ ಬರೂತನಕ ನಡೀಲಿ."

"ಹದಿನೇಳು ವರ್ಷ ಖರೇ ಬಂದೂಕು ಹಿಡದ ಕೈರೀ ಇದು. ಇದನ್ನ ಸೊಂಟಕ್ಕ ಕಟಗೊಂಡು ನಿಲ್ಲೂದಂದ್ರ, ಮಂದಿಗೆ ಮೋಸ ಮಾಡಿದಂಗ ಆಗತೈತಿ."

"ಎರಡು ತಿಂಗಳ ಮಾತು, ಫಕ್ಕೀರಪ್ಪನವರ. ನಮ್ಮಿಬ್ಬರನ್ನ ಬಿಟ್ಟು ಮೂರನೇದವ್ರಿಗೆ ತಿಳೀಬಾರದು. ಆಗೂದಿಲ್ಲಂದ್ರ ಹೇಳ್ರಿ, ಬ್ಯಾರೆದವ್ರನ್ನ ನೋಡ್ತೀನಿ."

ಆ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಫಕ್ಕೀರಪ್ಪ ತಲೆ ತಗ್ಗಿಸಿ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಮನೆಯಲ್ಲಿ ಹೆಂಡತಿ ಕಸ್ತೂರೆವ್ವ, "ಇದೇನ್ರಿ, ಹೊಸಾದು?" ಎಂದಳು. ಅವನು ಸುಳ್ಳು ಹೇಳುವ ಆಸಾಮಿಯಲ್ಲ. ಆದರೆ ಹೆಂಡತಿಯ ಮುಂದೆ ಹವಾಲ್ದಾರನ ಬಾಯಿಂದ ಆಟಿಕೆ ಎಂಬ ಮಾತು ಹೊರಡಲಿಲ್ಲ.

"ನಂದ ಐತಿ. ನನ್ನ ಲೈಸೆನ್ಸಿನ ಮ್ಯಾಲ ತಗೊಂಡೇನಿ," ಎಂದುಬಿಟ್ಟ.

ಅವಳು ಹಿಗ್ಗಿದಳು. ಆಯುಧಪೂಜೆಯ ದಿನ ನನ್ನನ್ನು ಅವನ ಪದಕಗಳ ಪಕ್ಕದಲ್ಲಿಟ್ಟು, ವಿಭೂತಿ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಕೈಮುಗಿದಳು. ಫಕ್ಕೀರಪ್ಪ ಅತ್ತ ಮುಖ ತಿರುಗಿಸಿ ನಿಂತಿದ್ದ. ನನಗೆ ನಾಚಿಕೆಯಾಯಿತು. ಪೆಸ್ತನ್‌ಜಿಯ ಪರೀಕ್ಷೆಗಳಲ್ಲಿ ಗೆದ್ದವನು ನಾನು, ಆ ಕುಂಕುಮ ಮಾತ್ರ ಹೊರಲಾಗಲಿಲ್ಲ.

ಎರಡು ತಿಂಗಳು ಐದಾಯಿತು. ಲೈಸೆನ್ಸಿನ ಕಾಗದ ಯಾವ ಮೇಜಿನ ಮೇಲೆ ಮಲಗಿತ್ತೋ ಏನೋ, ಏಳಲಿಲ್ಲ.

ಒಂದು ಗುರುವಾರ ನಡುಮಧ್ಯಾಹ್ನ ಇಬ್ಬರು ಅಂಗಡಿಗೆ ನುಗ್ಗಿದರು. ಮುಂದಿದ್ದವನ ಕೈಯಲ್ಲಿ ನಾಡ ಪಿಸ್ತೂಲು. ಒರಟು ಕಬ್ಬಿಣದ ಕೊಳವೆ, ಅಂಚು ತೀಡಿಲ್ಲ, ಹೆಸರಿಲ್ಲ; ಪೆಸ್ತನ್‌ಜಿ ಅದನ್ನು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಫಕ್ಕೀರಪ್ಪ ಕೌಂಟರಿಗೆ ಅಡ್ಡ ನಿಂತು ನನ್ನನ್ನು ಎಳೆದು ಎದುರಿಗೆ ಹಿಡಿದ. ನಾನು ಏನೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಿಂತ. ಆ ಹಿಡಿತ ನನಗೆ ಇನ್ನೂ ನೆನಪಿದೆ. ಎದುರಿನವನ ಕಣ್ಣು ನನ್ನ ಮೇಲೆ ಬಿತ್ತು. ಹೆದರಿದ. ಹೆದರಿ ಗುಂಡು ಹೊಡೆದ.

ಬಂದವರು ಬರಿಗೈಲಿ ಓಡಿದರು. ಒಂದು ಗುಲಗಂಜಿ ಚಿನ್ನವೂ ಹೋಗಲಿಲ್ಲ. ಫಕ್ಕೀರಪ್ಪ ಬಾಗಿಲ ಬಳಿಯೇ ಪ್ರಾಣ ಬಿಟ್ಟ.

ಅವನ ಕೈಯಲ್ಲಿ ಬರಿ ಲಾಠಿ ಇದ್ದಿದ್ದರೆ ಪಕ್ಕಕ್ಕೆ ತಳ್ಳಿ ಹೋಗುತ್ತಿದ್ದರೇನೋ. ನಾನು ಕಳಪೆ ಮಾಲಾಗಿದ್ದರೆ, ಬಣ್ಣ ಸುಲಿದು ಪ್ಲಾಸ್ಟಿಕ್ ಕಾಣುತ್ತಿದ್ದರೆ, ಕಳ್ಳ ನಕ್ಕುಬಿಡುತ್ತಿದ್ದ. ನಾನು ಚೆನ್ನಾಗಿದ್ದೆ. ಅದಕ್ಕೇ ಒಬ್ಬ ಮನುಷ್ಯ ಸತ್ತ.

ಈಗ ನಾನಿರುವುದು ಪೊಲೀಸ್ ಠಾಣೆಯ ಮಾಲ್‌ಖಾನೆಯಲ್ಲಿ, ಅರಗಿನ ಮುದ್ರೆ ಹಾಕಿದ ಬಟ್ಟೆಚೀಲದೊಳಗೆ. ಪರೀಕ್ಷೆಗೆ ಕಳಿಸಿದ್ದರು. ಆಟಿಕೆ, ತಯಾರಿಕೆ ಉತ್ತಮ ಎಂದು ಬರೆದುಕೊಟ್ಟರು. ನನ್ನಂಥವನನ್ನು ಕೊಳ್ಳಹೋಗುವವರು ಪೆಸ್ತನ್‌ಜಿ ಹೇಳಿದ್ದನ್ನೆಲ್ಲ ನೋಡಿ. ಜೊತೆಗೆ, ಅದನ್ನು ಹಿಡಿದು ನಿಲ್ಲುವವನು ಯಾರು ಎಂದೂ ಒಮ್ಮೆ ಕೇಳಿಕೊಳ್ಳಿ.

ಆ ಪರೀಕ್ಷೆಯ ನಂತರ ಮಾಲ್‌ಖಾನೆಯಿಂದ ಹೊರಗೆ ಬಂದದ್ದು ಒಂದೇ ಸಲ, ಕೋರ್ಟಿಗೆ. ರಾಯ್ಕರರು ಪೊಲೀಸರೆದುರು, "ಪಿಸ್ತೂಲು ಫಕ್ಕೀರಪ್ಪಂದು. ಅಸಲಿ ಐತಿ ಅಂತ ಹೇಳಿ ನಮಗೂ ಮೋಸ ಮಾಡಿದ್ದ," ಎಂದಿದ್ದರು. ಪತ್ರಿಕೆಯಲ್ಲೂ ಅದೇ ಬಂತು. ಗಂಡನ ಹೆಸರಿಗೆ ಅಂಟಿದ ಆ ಮಾತನ್ನು ತೆಗೆಸಲೆಂದೇ ಕಸ್ತೂರೆವ್ವ ಕೋರ್ಟಿನ ಮೆಟ್ಟಿಲು ಹತ್ತಿದಳು. ಪಿಸ್ತೂಲು ಕೊಟ್ಟದ್ದು ಮಾಲೀಕರೇ, ಫಕ್ಕೀರಪ್ಪ ಯಾರಿಗೂ ಮೋಸ ಮಾಡಿಲ್ಲ ಎಂದು ಅವಳ ವಕೀಲರ ವಾದ. ಸಾಕ್ಷಿಗೆ ಒಬ್ಬರೂ ಇರಲಿಲ್ಲ.

ರಾಯ್ಕರರ ವಕೀಲ ನನ್ನನ್ನು ಚೀಲದಿಂದ ತೆಗೆದು ಅವಳ ಮುಂದೆ ಹಿಡಿದ. "ಇದು ಯಾರದಮ್ಮ? ನೋಡಿ ಹೇಳಿ."

ಕೊಟ್ಟವರು ಯಾರೆಂದು ನನಗೆ ಗೊತ್ತು. ನನಗೆ ಬಾಯಿಲ್ಲ.

ಕಸ್ತೂರೆವ್ವ ನನ್ನನ್ನು ನೋಡಿದಳು. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಇಡೀ ಕೋರ್ಟಿಗೆ ಕೇಳುವಂತೆ ಹೇಳಿದಳು. "ನಮ್ಮನಿಯವರದ್ರಿ. ಅವರ ಸ್ವಂತದ್ದು. ತಮ್ಮ ಲೈಸೆನ್ಸಿನ ಮ್ಯಾಲ ತಗೊಂಡೇನಿ ಅಂತ ನನ್ನ ಮುಂದ ಅವರ ಬಾಯಿಂದನ ಹೇಳ್ಯಾರ್ರಿ. ಅವರು ಸುಳ್ಳು ಹೇಳಾವ್ರಲ್ರಿ."

ಅವಳ ವಕೀಲರು ಕಣ್ಣು ಮುಚ್ಚಿಕೊಂಡರು. ರಾಯ್ಕರರು ನೆಲ ನೋಡುತ್ತ ಕುಳಿತರು. ಗುಮಾಸ್ತ ಅವಳ ಮಾತನ್ನು ಒಂದಕ್ಷರ ಬಿಡದೆ ಟೈಪು ಮಾಡಿದ. ಹೆಬ್ಬೆಟ್ಟು ಒತ್ತಿದ ಮೇಲೆ ಅವಳು ನ್ಯಾಯಾಧೀಶರನ್ನು ಕೇಳಿದಳು.

"ಇನ್ನ ನಮ್ಮವರಿಗೆ ಮೋಸಗಾರ ಅನ್ನೂದಿಲ್ಲಲ್ರಿ ಯಾರೂ?"