ಬೇರೆ ಕ್ಲಾಸಿಗೆ ಹೋಗಿ ಕೂತ್ಕೊ

ಹರಿಣಿಗೆ ಕೋಪ ಬರುವುದು ಅಪರೂಪ. ಬಂದರೆ ಅದು ಬಾಯಿಗೆ ಬರುತ್ತದೆಯೇ ಹೊರತು ಕೈಗಲ್ಲ. ಮುಂಬಯಿಯ ಕುರ್ಲಾದ ಆ ಮುನ್ಸಿಪಲ್ ಶಾಲೆಯಲ್ಲಿ ಇಷ್ಟು ವರ್ಷ ಕನ್ನಡ ಒಂದನೇ ಕ್ಲಾಸಿಗೆ ಪಾಠ ಹೇಳಿಯೂ ಒಂದು ಮಗುವಿಗೂ ಹೊಡೆದವಳಲ್ಲ ಎಂಬ ಸಣ್ಣ ಹೆಮ್ಮೆ ಅವಳಿಗಿತ್ತು. ಬಾಯಿಯಿಂದ ಬಿದ್ದ ಏಟಿಗೆ ಬಾಸುಂಡೆ ಏಳುವುದಿಲ್ಲವಾದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳೂ ಹಿಡಿದಿರಲಿಲ್ಲ.

ಆ ಮಧ್ಯಾಹ್ನ ಕೋಪ ಬಂದದ್ದು ಕಾಶವ್ವನ ಮೇಲೆ. ಕಾಶವ್ವ ಎಂದರೆ ಯಾವುದೋ ಮುದುಕಿಯಲ್ಲ, ಅಜ್ಜಿಯ ಹೆಸರು ಇಟ್ಟುಕೊಂಡ ಆರು ವರ್ಷದ ಹುಡುಗಿ. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಮೂಲೆಯ ಬೆಂಚಿನಲ್ಲಿ ಕೂತು ಒಂದೇ ಒಂದು ಮಾತೂ ಆಡಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಮನೆಯಲ್ಲಿ ಅವಳ ಬಾಯಿಗೆ ಬಿಡುವೇ ಇಲ್ಲ ಎಂದು ತಾಯಿ ಚಂದ್ರವ್ವ ಆಣೆ ಮಾಡಿ ಹೇಳಿದ್ದಳು.

ಈ ಹುಡುಗಿಯನ್ನು ಶಾಲೆಗೆ ಕರೆತಂದವಳು ಹರಿಣಿಯೇ. ಮೇ ತಿಂಗಳಲ್ಲಿ ಬೇರೆ ಟೀಚರುಗಳು ಊರಿಗೆ ಹೋಗಿ ಮಾವಿನಹಣ್ಣು ತಿನ್ನುವಾಗ, ಮುಂಬಯಿಯ ಕನ್ನಡ ಶಾಲೆಯ ಟೀಚರುಗಳು ಮಕ್ಕಳನ್ನು ಹುಡುಕಿಕೊಂಡು ಚಾಳು ಚಾಳು ಸುತ್ತುತ್ತಾರೆ. ಮಕ್ಕಳು ಸಿಗದಿದ್ದರೆ ಕ್ಲಾಸು ಮುಚ್ಚುತ್ತದೆ, ಕ್ಲಾಸು ಮುಚ್ಚಿದರೆ ಟೀಚರನ್ನು ಎಲ್ಲಿಗೆ ವರ್ಗ ಮಾಡುತ್ತಾರೋ ದೇವರೇ ಬಲ್ಲ. ಹಾಗೆ ಸುತ್ತುವಾಗಲೇ ಚಂದ್ರವ್ವನ ಮನೆ ಸಿಕ್ಕಿದ್ದು. ವಿಜಯಪುರದ ಕಡೆಯವರು. ಗಂಡ ಪರಪ್ಪ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ, ಚಂದ್ರವ್ವ ಬಿಲ್ಡಿಂಗುಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹಗಲೆಲ್ಲ ಪಕ್ಕದ ಖೋಲಿಯ ಮರಾಠಿ ಅಜ್ಜಿಯ ಮಡಿಲಲ್ಲೇ ಬೆಳೆದ ಹುಡುಗಿಯನ್ನು ಮರಾಠಿ ಶಾಲೆಗೆ ಹಾಕುವುದೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಹರಿಣಿ ಅವರ ಹೊಸ್ತಿಲಲ್ಲಿ ಕೂತು, ಅವರು ಕೊಟ್ಟ ಚಹಾ ಕುಡಿದು, ನಮ್ಮ ಭಾಷೆ ನಮಗೆ ಬೇಡವಾ ಎಂದು ಕೇಳಿ, ನಾನಿದ್ದೇನಲ್ಲ ಎಂದು ಭರವಸೆ ಕೊಟ್ಟು ಬಂದಿದ್ದಳು. ಮಾತಿನಲ್ಲಿ ಅವಳನ್ನು ಗೆಲ್ಲುವುದು ಕಷ್ಟ.

ಶಾಲೆಯ ಮೊದಲ ದಿನ ಚಂದ್ರವ್ವ ಮಗಳ ಕೈಯನ್ನು ಹರಿಣಿಯ ಕೈಯಲ್ಲಿಟ್ಟಿದ್ದಳು. "ನಿಮ್ಮ ಕೂಸ ಅನ್ಕೋರಿ ಅಕ್ಕೋರ. ಹೊಡೀರಿ, ಬಡೀರಿ, ನಾ ಏನೂ ಕೇಳಂಗಿಲ್ಲ. ನಾಕ ಅಕ್ಷರ ಕಲಿಸಿದ್ರ ಸಾಕು."

ಈಗ ಜುಲೈ. ಮುಂದಿನ ವಾರ ತಪಾಸಣೆಯ ಸಾಹೇಬರು ಬಂದು ಒಂದೊಂದೇ ಮಗುವನ್ನು ಎಬ್ಬಿಸಿ ಓದಿಸಿ ನೋಡುವವರಿದ್ದರು. ಅದಕ್ಕಾಗಿ ಹರಿಣಿ ಬೋರ್ಡಿನ ಮೇಲೆ 'ಕಮಲ ಬಂದಳು' ಎಂದು ಬರೆದು ಎಲ್ಲರಿಂದ ಓದಿಸುತ್ತಿದ್ದಳು. ಕಾಶವ್ವನ ಸರದಿ ಬಂತು. ಹುಡುಗಿ ಎದ್ದು ನಿಂತು ಬೋರ್ಡು ನೋಡಿದಳು, ತುಟಿ ಬಿಗಿದಳು. ಹರಿಣಿ ಪುಸಲಾಯಿಸಿದಳು, ಒಂದೊಂದೇ ಅಕ್ಷರ ಹೇಳಿಕೊಟ್ಟಳು, ಬರೀ 'ಕ' ಆದರೂ ಅನ್ನು ಎಂದು ಬೇಡಿಕೊಂಡಳು. ತುಟಿ ಬಿಚ್ಚಲಿಲ್ಲ. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಸಾಹೇಬರ ಎದುರು ಹೀಗೆಯೇ ನಿಂತರೆ ಗತಿಯೇನು ಎಂದು ಹರಿಣಿಗೆ ದಿಗಿಲಾಯಿತು. ಆ ದಿಗಿಲೇ ಕೋಪವಾಗಿ ಹೊರಗೆ ಬಂತು.

"ಓದ್ಲಿಕ್ಕೆ ಆಗುದಿಲ್ಲ ಅಂದ್ರೆ ನನ್ನ ಕ್ಲಾಸಲ್ಲಿ ಕೂರುದು ಬೇಡ. ಬೇರೆ ಕ್ಲಾಸಿಗೆ ಹೋಗಿ ಕೂತ್ಕೊ. ಹೋಗು."

ಅದು ಅವಳ ಹಳೆಯ ಬೈಗುಳ. ಮಕ್ಕಳಿಗೂ ಅದರ ಅರ್ಥ ಗೊತ್ತಿತ್ತು: ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಲ್ಲುವುದು, ಆಮೇಲೆ ಅಳುಮುಖ ಮಾಡಿಕೊಂಡು ಒಳಗೆ ಇಣುಕುವುದು, ಟೀಚರ್ ನಕ್ಕು ಕರೆಯುವುದು. ಕಾಶವ್ವ ತಲೆ ತಗ್ಗಿಸಿ ಹೊರಗೆ ಹೋದಳು. ಹರಿಣಿ ಮುಂದಿನ ಮಗುವನ್ನು ಎಬ್ಬಿಸಿದಳು. ಓದು ಸಾಗುತ್ತ ಹೋಯಿತು. ಬಾಗಿಲಲ್ಲಿ ಯಾರೂ ಇಣುಕಲಿಲ್ಲ, ಹರಿಣಿಗೂ ನೆನಪಾಗಲಿಲ್ಲ.

ನೆನಪಾದದ್ದು ಖಿಚಡಿಯ ಗಂಟೆ ಹೊಡೆದಾಗ. ಮಕ್ಕಳು ತಟ್ಟೆ ಹಿಡಿದು ಓಡಿದರು. ಹರಿಣಿ ಹೊರಗೆ ಬಂದು ನೋಡಿದರೆ ಬಾಗಿಲ ಬಳಿ ಯಾರೂ ಇಲ್ಲ. ಎಲ್ಲರಿಗಿಂತ ಮೊದಲೇ ಊಟಕ್ಕೆ ಓಡಿರಬೇಕು, ಕಳ್ಳಿ, ಎಂದುಕೊಂಡಳು. ತನ್ನ ಕ್ಲಾಸಿನ ಸಾಲಿನಲ್ಲಿ ಹುಡುಕಿದಳು. ಕಾಶವ್ವ ಇರಲಿಲ್ಲ. ಮತ್ತೆ ಕ್ಲಾಸಿಗೆ ಬಂದಾಗ ಬಾಗಿಲ ಪಕ್ಕದ ಚಪ್ಪಲಿಗಳ ನಡುವೆ ಕಾಶವ್ವನ ನೀಲಿ ಚಪ್ಪಲಿ ಕಂಡಿತು. ಹುಡುಗಿ ಬರಿಗಾಲಲ್ಲಿ ಹೋಗಿದ್ದಳು.

ಹರಿಣಿ ಕಿಟಕಿಗೆ ಓಡಿ ಕೆಳಗೆ ನೋಡಿದಳು.

ಹೊರಗೆ ಮಳೆ ಹಿಡಿದುಕೊಂಡು ಹೊಡೆಯುತ್ತಿತ್ತು. ಗೇಟಿನ ಮುಂದಿನ ರಸ್ತೆಯಲ್ಲಿ ಬೆಳಗಿನಿಂದಲೂ ನೀರು ನಿಂತಿತ್ತು. ಅಂಥ ನೀರಿನಡಿಯಲ್ಲಿ ಗಟಾರದ ಮುಚ್ಚಳ ಇದೆಯೋ ಇಲ್ಲವೋ ದೊಡ್ಡವರಿಗೇ ತಿಳಿಯುವುದಿಲ್ಲ. ಸ್ವಲ್ಪ ಆಚೆಗೆ ರೈಲ್ವೆ ಹಳಿ. ಬೇಡವೆಂದರೂ ಇವೆಲ್ಲ ಅವಳ ಕಣ್ಣ ಮುಂದೆ ಬಂದು ನಿಂತವು. ಪಾಯಿಖಾನೆಗೆ ಓಡಿ ಒಂದೊಂದೇ ಬಾಗಿಲು ತಳ್ಳಿದಳು. ಟೆರೇಸಿನ ಮೆಟ್ಟಿಲು ಹತ್ತಿದಳು. ಮೇಲಿನ ಬಾಗಿಲಿಗೆ ಬೀಗ ಹಾಕಿತ್ತು. ಹಾಕಿದ ಬೀಗವನ್ನೂ ಜಗ್ಗಿ ನೋಡಿದಳು.

ಪ್ಯೂನ್ ಶ್ರೀಮಂತ ಕಲಬುರಗಿ ಕಡೆಯವನು, ಹಳೆಯ ಮನುಷ್ಯ. ಗೇಟಿನಿಂದ ಯಾವ ಮಗುವಾದರೂ ಹೋಯಿತೇ ಎಂದು ಹರಿಣಿ ಕೇಳಿದ್ದಕ್ಕೆ ಮೊದಲು ಇಲ್ಲವೇ ಇಲ್ಲ ಎಂದ. ಅವಳ ಮುಖ ನೋಡಿದ ಮೇಲೆ ಅವನ ದನಿ ಇಳಿಯಿತು. "ನಡುವ ಜರಾ ಚಾ ಕುಡ್ಯಾಕ ಹೋಗಿದ್ದೆ ನೋಡ್ರಿ ಮೇಡಂ. ಆವಾಗ ಹೋಗಿದ್ರ ಗೊತ್ತಿಲ್ಲ."

ಅಲ್ಲಿಂದ ನೆಟ್ಟಗೆ ಹೆಡ್ ಮೇಡಂ ಕೋಣೆಗೆ ಹೋಗಬೇಕಿತ್ತು. ಮಗು ಕಾಣುತ್ತಿಲ್ಲ ಎಂದು ಹೇಳಿದ್ದರೆ ಎಲ್ಲ ಟೀಚರುಗಳೂ ಹುಡುಕುತ್ತಿದ್ದರು, ಪೊಲೀಸರಿಗೆ ಫೋನು ಹೋಗುತ್ತಿತ್ತು. ಹರಿಣಿ ಆ ಕೋಣೆಯ ಬಾಗಿಲವರೆಗೂ ಹೋದಳು. ಮಗು ಕ್ಲಾಸಿನ ಹೊರಗೆ ಯಾಕಿತ್ತು ಎಂದು ಮೊದಲು ಕೇಳುತ್ತಾರೆ. ಕಳಿಸಿದವರು ಯಾರು ಎಂದು ಆಮೇಲೆ ಕೇಳುತ್ತಾರೆ. ನೌಕರಿಯ ಭಯ ಅವಳ ಕಾಲನ್ನು ಹಿಡಿದು ನಿಲ್ಲಿಸಿತು. ಇನ್ನೊಂದು ಸಲ ನಾನೇ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದು ಹಿಂದೆ ಸರಿದಳು. ಅಲ್ಲೊಂದು ಮಗುವಿನ ಜೀವದ ಪ್ರಶ್ನೆ, ಇಲ್ಲಿ ತಾನು ನೌಕರಿಯ ಲೆಕ್ಕ ಹಾಕುತ್ತಿದ್ದೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹಿಂದೆ ಸರಿದಳು.

ಕೊಡೆ ಬಿಚ್ಚುವುದನ್ನೂ ಮರೆತು ಗೇಟು ದಾಟಿ ಮೊಣಕಾಲುದ್ದ ನೀರಿಗೆ ಇಳಿದಳು. ಅಂಗಡಿಯವರನ್ನು ಕೇಳಿದಳು. ಶಾಲೆಯ ಬಟ್ಟೆ, ಎರಡು ಜಡೆ, ಕೆಂಪು ರಿಬ್ಬನ್ ಎಂದರೆ ಅವರು ನಕ್ಕರು. ಟೀಚರ್‌ಬಾಯಿ, ಎಲ್ಲ ಹುಡುಗಿಯರೂ ಹಾಗೆಯೇ ಇರುತ್ತಾರೆ ಎಂದರು. ನೀರಿನ ಮೇಲೆ ಒಂದು ಕೆಂಪು ಚಿಂದಿ ತೇಲಿ ಬಂತು. ಅದು ಪ್ಲಾಸ್ಟಿಕ್ ಚೀಲದ ತುಂಡು ಎಂದು ತಿಳಿಯುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದು ಹೋಗಿತ್ತು. ಊರಿನ ದೈವಕ್ಕೆ ಹರಕೆ ಹೊತ್ತಳು. ಮಗು ಸಿಕ್ಕರೆ ಸಾಕು, ಕ್ಲಾಸು ಮುಚ್ಚಿದರೂ ಮುಚ್ಚಲಿ ಎಂದಳು. ಅಷ್ಟು ಹೊತ್ತಿಗೆ ಅದು ನಿಜವಾದ ಮಾತೇ ಆಗಿತ್ತು. ಇನ್ನು ಹೆಡ್ ಮೇಡಂಗೆ ಹೇಳಿಯೇ ಬಿಡುವುದೆಂದು ತೊಯ್ದ ಸೀರೆಯಲ್ಲಿ ಓಡುತ್ತ ವಾಪಸು ಬಂದಳು.

ಆ ಶಾಲೆಯ ಕಟ್ಟಡ ಒಂದೇ ಆದರೂ ಮಹಡಿಗೊಂದು ಭಾಷೆ. ಕೆಳಗೆ ಮರಾಠಿ, ನಡುವೆ ಹಿಂದಿ, ಎಲ್ಲಕ್ಕಿಂತ ಮೇಲೆ ಕನ್ನಡ. ಗೋಡೆಯ ಬಣ್ಣ, ಬೆಂಚು, ಮಕ್ಕಳ ಬಟ್ಟೆ ಎಲ್ಲ ಒಂದೇ ತರಹ. ಕೆಳಗಿನ ಮರಾಠಿ ಒಂದನೇ ಕ್ಲಾಸಿನ ಮುಂದಿನಿಂದಲೇ ಹರಿಣಿ ಆಗಿನಿಂದ ಓಡಾಡುತ್ತಿದ್ದಳು. ಖಿಚಡಿ ಮುಗಿಸಿ ಬಂದ ಮಕ್ಕಳು ಒಳಗೆ ಮಳೆಯ ಪದ್ಯವನ್ನು ಚಪ್ಪಾಳೆ ತಟ್ಟಿ ಹಾಡುತ್ತಿದ್ದದ್ದು ಅವಳ ಕಿವಿಗೂ ಬಿದ್ದಿತ್ತು. ಒಳಗೆ ಕಣ್ಣು ಹಾಯಿಸಿಯೂ ಇದ್ದಳು. ಆದರೆ ಅವಳು ಹುಡುಕುತ್ತಿದ್ದದ್ದು ಮೂಲೆಯಲ್ಲಿ ಬಾಯಿ ಮುಚ್ಚಿ ಅಳುತ್ತ ಕೂತ ಹುಡುಗಿಯನ್ನು. ಹಾಗೆ ಕೂತವರು ಅಲ್ಲಿ ಯಾರೂ ಇರಲಿಲ್ಲ.

ಈಗ ಆ ಕ್ಲಾಸಿನ ಟೀಚರ್ ಸ್ನೇಹಲ್ ಬಾಗಿಲಿಗೆ ಬಂದು ಅವಳನ್ನು ತಡೆದಳು. ಇದೇನು ಹೀಗೆ ತೊಯ್ದಿದ್ದೀರಿ ಎಂದಳು. ಮತ್ತೆ ನಗುತ್ತ, ನೀವು ಕಳಿಸಿದ ಹುಡುಗಿ ತುಂಬ ಚುರುಕು, ಹೆಸರು ದಾಖಲಿಸಲು ತಾಯಿ ಯಾವಾಗ ಬರುತ್ತಾಳೆ ಎಂದು ಮರಾಠಿಯಲ್ಲಿ ಕೇಳಿದಳು. ಹುಡುಗಿ ತಾನಾಗಿಯೇ ಬಂದು, ಮೇಲಿನ ಟೀಚರ್‌ಬಾಯಿ ಬೇರೆ ಕ್ಲಾಸಿಗೆ ಹೋಗಿ ಕೂರಲು ಹೇಳಿದ್ದಾರೆ ಎಂದು ಸ್ಪಷ್ಟ ಮರಾಠಿಯಲ್ಲಿ ಹೇಳಿ ಬೆಂಚಿನಲ್ಲಿ ಕೂತಳಂತೆ.

ಕಾಶವ್ವ ಎದುರು ಬೆಂಚಿನಲ್ಲೇ ಇದ್ದಳು. ಬಾಯಿ ತುಂಬ ಹಾಡುತ್ತಿದ್ದಳು. ಪಕ್ಕದ ಹುಡುಗಿಯನ್ನು ಮೊಣಕೈಯಿಂದ ತಿವಿದು, ತಪ್ಪು ಹಾಡಬೇಡ ಎಂಬಂತೆ ತಲೆಯಾಡಿಸುತ್ತಿದ್ದಳು. ಮುಂದಿನ ಹಲ್ಲು ಬಿದ್ದು ಜಾಗ ಖಾಲಿಯಾಗಿತ್ತು. ಆ ಹಲ್ಲು ಬಿದ್ದದ್ದೇ ಹರಿಣಿಗೆ ಗೊತ್ತಿರಲಿಲ್ಲ. ಹುಡುಗಿ ಅವಳ ಎದುರು ಬಾಯಿ ತೆರೆದಿದ್ದರೆ ತಾನೇ ಕಾಣುವುದು.

ಮಗು ಜೀವಂತವಾಗಿದೆ ಎಂಬ ಸಂತೋಷಕ್ಕೆ ಹರಿಣಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅದೇ ಹೊತ್ತಿಗೆ ಕಾಶವ್ವ ಅವಳನ್ನು ನೋಡಿದಳು. ಹಾಡು ಅರ್ಧಕ್ಕೇ ನಿಂತಿತು. ತುಟಿ ಮುಚ್ಚಿಕೊಂಡಿತು. ಹುಡುಗಿ ಬೆಂಚಿನಿಂದ ಇಳಿದು ನೆಟ್ಟಗೆ ನಿಂತು, ಬಲಗೈಯನ್ನು ಮುಂದೆ ಚಾಚಿ ಅಂಗೈ ಬಿಚ್ಚಿದಳು. ಏಟಿಗೆ ಕೈ ಒಡ್ಡಿ ನಿಂತಳು.

ಸ್ನೇಹಲ್ ಒಮ್ಮೆ ಆ ಅಂಗೈಯನ್ನು, ಒಮ್ಮೆ ಹರಿಣಿಯನ್ನು ನೋಡಿದಳು. ನಾನು ಹೊಡೆದಿಲ್ಲ, ಒಂದು ದಿನವೂ ಹೊಡೆದಿಲ್ಲ ಎಂದು ಹೇಳಬೇಕೆಂದು ಹರಿಣಿಗೆ ಅನಿಸಿತು. ಒಂದು ಹೆಜ್ಜೆ ಮುಂದಿಟ್ಟರೆ ಹುಡುಗಿ ಒಂದು ಹೆಜ್ಜೆ ಹಿಂದೆ ಹೋದಾಳು ಎಂದು ಹೆದರಿದಳು. ಇಡೀ ಮಧ್ಯಾಹ್ನ ಗಟಾರಕ್ಕೆ, ಹಳಿಗೆ, ಮಕ್ಕಳನ್ನು ಹಿಡಿದೊಯ್ಯುವವರಿಗೆ ಹೆದರಿ ಓಡಿದ್ದಳು. ಹುಡುಗಿ ಹೆದರಿ ಓಡಿದ್ದು ತನಗೆ ಎಂದು ಈಗ ತಿಳಿದಾಗ ಅವಳಿಗೆ ನಾಚಿಕೆಯಾಯಿತು. ಶಾಲೆ ಬಿಡುವವರೆಗೆ ಇಲ್ಲೇ ಇರಲಿ ಎಂದು ಸ್ನೇಹಲ್‌ಗೆ ಹೇಳಿ ಮೇಲೆ ಹೋದಳು.

ಉಳಿದ ಹೊತ್ತು ಏನು ಪಾಠ ಮಾಡಿದಳೋ ಅವಳಿಗೇ ಗೊತ್ತಿಲ್ಲ. ಹೆಡ್ ಮೇಡಂಗೆ ಏನೂ ತಿಳಿದಿರಲಿಲ್ಲ. ಶ್ರೀಮಂತ ತನ್ನ ಚಹಾದ ಸಲುವಾಗಿ ಬಾಯಿ ಬಿಡುವವನಲ್ಲ. ಸ್ನೇಹಲ್‌ಗೆ ಏನಾದರೂ ಹೇಳಿ ಸುಮ್ಮನಾಗಿಸಬಹುದಿತ್ತು. ಚಂದ್ರವ್ವನಿಗೆ ತಿಳಿದರೆ ಮಾತ್ರ ಎಲ್ಲ ಮುಗಿಯಿತು. ಅವಳು ಮಗಳನ್ನು ಬಿಡಿಸಿಕೊಂಡು ಹೋಗುತ್ತಾಳೆ, ಚಾಳಿನಲ್ಲಿ ನಾಲ್ಕು ಜನರಿಗೆ ಹೇಳುತ್ತಾಳೆ, ಆ ನಾಲ್ಕು ಜನರೂ ತಮ್ಮ ಮಕ್ಕಳನ್ನು ಬಿಡಿಸುತ್ತಾರೆ. ಹೇಳದೆ ಇದ್ದರಾಯಿತು ಎಂದು ಹರಿಣಿ ಅಂದುಕೊಂಡಳು. ಆದರೆ ಆ ಅಂಗೈ ಕಣ್ಣಿಗೆ ಕಟ್ಟಿದ ಹಾಗೆ ಉಳಿದಿತ್ತು. ಕೊನೆಯ ಗಂಟೆ ಹೊಡೆದಾಗ ಗೇಟಿಗೆ ಹೋಗಿ ನಿಂತಳು. ಚಂದ್ರವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮಳೆಯಲ್ಲಿ ಬರುವುದು ಕಂಡಿತು.

ಸ್ನೇಹಲ್ ಕಾಶವ್ವನನ್ನು ಕರೆತಂದು ತಾಯಿಯ ಕೈಗೆ ಕೊಟ್ಟು ಹೋದಳು. ಹರಿಣಿ ಎಲ್ಲವನ್ನೂ ಹೇಳಿದಳು. ಬೈದದ್ದು, ಹೊರಗೆ ಕಳಿಸಿ ಮರೆತದ್ದು, ಮಗು ಕಾಣದೆ ರಸ್ತೆಯಲ್ಲಿ ಹುಡುಕಿದ್ದು, ಕೊನೆಗೆ ಕೆಳಗಿನ ಕ್ಲಾಸಿನಲ್ಲಿ ಸಿಕ್ಕಿದ್ದು. ಹೇಳುತ್ತಿದ್ದಂತೆ ಚಂದ್ರವ್ವನ ಮುಖ ಬಿಳಿಚಿಕೊಂಡಿತು. ಇನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದು ಹರಿಣಿ ತಲೆ ತಗ್ಗಿಸಿ ಕಾದಳು.

ಚಂದ್ರವ್ವ ಮಗಳ ಬೆನ್ನಿಗೆ ಫಟ್ಟನೆ ಒಂದು ಕೊಟ್ಟಳು. "ಅಕ್ಕೋರ ಕ್ಲಾಸ್ ಬಿಟ್ಟ ಹೋಗ್ತಿಯೇನ?" ಎಂದು ಇನ್ನೊಂದಕ್ಕೆ ಕೈ ಎತ್ತಿದಳು. ಎತ್ತಿದ ಕೈಯಲ್ಲೇ ಹರಿಣಿಯ ಕಡೆಗೆ ತಿರುಗಿದಳು. "ಸಣ್ಣಾಕಿ ಅದಾಳ್ರಿ ಅಕ್ಕೋರ, ತಿಳೀಲಿಲ್ಲ. ತಪ್ಪಾತು. ಹೆಸರ ಒಂದ ತಗೀಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

ಎತ್ತಿದ ಆ ಕೈಯನ್ನು ಹರಿಣಿ ಹಿಡಿದುಕೊಂಡಳು. "ತಪ್ಪು ನನ್ನದು ಚಂದ್ರವ್ವ. ಹೋಗು ಅಂತ ಹೇಳಿದ್ದೇ ನಾನು. ಅವಳು ನಾನು ಹೇಳಿದ ಹಾಗೆ ಮಾಡಿದ್ದು, ಅಷ್ಟೇ."

ಚಂದ್ರವ್ವನಿಗೆ ಅದು ಅರ್ಥವೇ ಆಗಲಿಲ್ಲ. ಅಕ್ಕೋರು ದೊಡ್ಡ ಮನಸ್ಸಿನಿಂದ ಹಾಗೆ ಹೇಳುತ್ತಿದ್ದಾರೆ ಎಂದುಕೊಂಡಳೋ ಏನೋ. "ನೀವ್ ಅನ್ನೋರು, ನಾವ್ ಅನ್ನಿಸ್ಕೊಳ್ಳೋರು ಅಲ್ಲೇನ್ರಿ," ಎಂದು ಬಗ್ಗಿ ಹರಿಣಿಯ ಕಾಲು ಮುಟ್ಟಲು ಬಂದಳು. ಹರಿಣಿ ತಡೆದಳು. ತಡೆಯುತ್ತಲೇ ಅವಳಿಗೆ ಅಳು ಬಂತು. ಗೇಟಿನಲ್ಲಿ ಅಷ್ಟು ಜನ ತಾಯಂದಿರು ನೋಡುತ್ತಿದ್ದರೂ ನಿಲ್ಲಿಸಲಾಗಲಿಲ್ಲ.

ಕಾಶವ್ವ ಬೆನ್ನು ಉಜ್ಜಿಕೊಳ್ಳುತ್ತ ಮುಖ ಎತ್ತಿ ನೋಡಿದಳು. ಆಮೇಲೆ ತಾಯಿಯ ಸೆರಗು ಜಗ್ಗಿ ಹೇಳಿದಳು: "ಯವ್ವಾ, ಅಕ್ಕೋರು ಅಳಾಕತ್ತಾರ. ಅವರಿಗೂ ಹೊಡದಿಯೇನ?"

ಹರಿಣಿ ಅವಳ ಬಾಯಿಂದ ಕೇಳಿದ ಮೊದಲ ಕನ್ನಡದ ಮಾತು ಅದು. ಚಂದ್ರವ್ವ ಗಾಬರಿಯಿಂದ ಮಗಳ ಬಾಯಿಯ ಮೇಲೆ ಕೈ ಮುಚ್ಚಿದಳು. ಅಕ್ಕೋರ ಬಗ್ಗೆ ಹಾಗೆ ಮಾತಾಡಬಾರದು ಎಂದು ಗದರಿಸಿದಳು. ಹರಿಣಿ ನೀರು ನಿಂತ ನೆಲದಲ್ಲೇ ಕುಕ್ಕರುಗಾಲಲ್ಲಿ ಕೂತು ಆ ಕೈಯನ್ನು ಮೆಲ್ಲಗೆ ಸರಿಸಿ, ಏನಂದೆ ಮಗಾ, ಇನ್ನೊಂದು ಸಲ ಹೇಳು ಎಂದಳು.

ಕಾಶವ್ವ ತಾಯಿಯ ಮುಖ ನೋಡಿದಳು. ಟೀಚರ್ ಮುಖ ನೋಡಿದಳು. ತುಟಿ ಬಿಗಿದುಕೊಂಡಳು.